ಒಂದು ಸೀನಿನ ಕಥೆ

ನಾನು ಇತಿಹಾಸದ ವಿದ್ಯಾರ್ಥಿ. ಶಾಸನ, ನಾಣ್ಯ, ಕಡತಗಳೆಂದರೆ ನನ್ನ ಕಿವಿ ನಿಮಿರುತ್ತದೆ. ಅಕ್ಷರವಿಲ್ಲದ ಕಲ್ಲು ನನ್ನ ಪಾಲಿಗೆ ಬರಿಯ ಕಲ್ಲು. ಈ ಹೆಮ್ಮೆ ಒಂದೇ ಒಂದು ಸೀನಿಗೆ ಹಾರಿಹೋದ ಸಂಗತಿಯನ್ನು ವಾಚಕರಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಹೋದ ಬೇಸಗೆಯ ರಜೆಯಲ್ಲಿ ಡೆಹ್ರಾಡೂನಿನಲ್ಲಿರುವ ಸೋದರಮಾವನ ಮನೆಗೆ ಹೋಗಿದ್ದೆ. ಮಾವ ಭೂವಿಜ್ಞಾನಿ. ಮಸ್ಸೂರಿ ಬೆಟ್ಟಗಳ ಸುಣ್ಣಕಲ್ಲನ್ನು ತಂದು, ವಿನೆಗರಿಗೆ ಹುಳಿ ಕೊಡುವ ಅಸಿಟಿಕ್ ಆಮ್ಲವನ್ನು ನೀರಿಗೆ ಬೆರೆಸಿ, ಅದರಲ್ಲಿ ದಿನಗಟ್ಟಲೆ ನೆನೆಹಾಕುವುದು ಅವರ ಕೆಲಸ. ಸುಣ್ಣ ಕರಗುತ್ತದೆ, ಫಾಸ್ಫೇಟಿನಿಂದಾದ ಚಿಪ್ಪು, ಮುಳ್ಳುಗಳು ತಳದಲ್ಲಿ ಉಳಿಯುತ್ತವೆ. ಅವನ್ನು ಸೋಸಿ, ಒಣಗಿಸಿ, ಸೂಕ್ಷ್ಮದರ್ಶಕದಡಿ ಹರಡಿ, ಒದ್ದೆ ಕುಂಚದ ತುದಿಯಿಂದ ಒಂದೊಂದಾಗಿ ಹೆಕ್ಕಬೇಕು. ಅಜ್ಜಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ಹಾಗೆಯೇ. ಆದರೆ ಇಲ್ಲಿ ಬೇಕಾದದ್ದು ಕಲ್ಲೇ!

ನಾನೂ ಕಣ್ಣಿಟ್ಟು ನೋಡಿದೆ. ಮೂರು ಏಣಿನ ಪುಟ್ಟ ಕೊಳವೆಯೊಂದು. ಅದು ಅನಬರೈಟಿಸ್ ಅಂತೆ. ಬೆಕ್ಕಿನ ಉಗುರಿನಂತೆ ಬಾಗಿದ ಮುಳ್ಳೊಂದು; ಅದು ಪ್ರೊಟೊಹರ್ಟ್ಜಿನಾ. ಒಂದೆರಡು ಮಿಲಿಮೀಟರಿಗಿಂತ ದೊಡ್ಡದು ಅಲ್ಲಿ ಅಪರೂಪ. ಸುಮಾರು 53 ಕೋಟಿ ವರ್ಷಗಳ ಹಿಂದೆ ಕಡಲಿನಲ್ಲಿದ್ದ ಜೀವಿಗಳ ಗುರುತುಗಳಿವು.

"ಇಷ್ಟು ಧೂಳಿಗೆ ಇಷ್ಟು ಪಾಡೇ ಮಾವ?" ಎಂದು ನಕ್ಕೆ. ನಗುವಿನ ಬೆನ್ನಿಗೇ ಸೀನು ಬಂತು. ಮಾವ ಆಗ ಪಕ್ಕದ ಕೋಣೆಯಲ್ಲಿದ್ದರು. ಅವರು ಹೆಕ್ಕಿಟ್ಟಿದ್ದ ಹದಿನೇಳರಲ್ಲಿ ಮೇಜಿನ ಮೇಲೆ ತಡಕಾಡಿ ಹದಿನಾರನ್ನು ಹುಡುಕಿದೆ. ಇನ್ನೊಂದು ಸಿಗಲಿಲ್ಲ. ಪುಸ್ತಕದಲ್ಲಿ ಬರೆದುಕೊಳ್ಳಲು ಬಂದ ಮಾವ "ಎಷ್ಟಿದೆಯೋ?" ಎಂದರು. "ಹದಿನಾರು" ಎಂದುಬಿಟ್ಟೆ. ಅವರು ಹಾಗೆಯೇ ಬರೆದರು.

ರಾತ್ರಿ ಊಟದ ಹೊತ್ತಿಗೆ ಮಾವ ಒಂದು ಕಥೆ ಹೇಳಿದರು. ಮಸ್ಸೂರಿಯ ಟಾಲ್ ಶಿಲೆಗಳನ್ನು ಬಹುಕಾಲ ಡೈನೊಸಾರುಗಳ ಯುಗದವೆಂದೇ ಎಣಿಸಿದ್ದರಂತೆ. 1980ರ ದಶಕದ ಆರಂಭದಲ್ಲಿ ಮಾಲ್ದೇವತಾ ಸುತ್ತಿನ ಫಾಸ್ಫೇಟ್ ಪದರಗಳಲ್ಲಿ ಈ ಪುಡಿ ಚಿಪ್ಪುಗಳು ದೊರೆತ ಮೇಲೆ ಅವು ಕೇಂಬ್ರಿಯನ್ ಯುಗದ ಆರಂಭದವೆಂದು ಗೊತ್ತಾಯಿತು. ಬೆಟ್ಟದ ವಯಸ್ಸನ್ನೇ ಧೂಳು ತಿದ್ದಿತು! ಇನ್ನೊಂದು: ಹಾಲ್ಕೀರಿಯ ಎಂಬುದರ ಬಿಡಿ ಹುರುಪೆಗಳಷ್ಟೇ ಮೊದಲು ಸಿಗುತ್ತಿದ್ದವು. 1989ರಲ್ಲಿ ಉತ್ತರ ಗ್ರೀನ್‌ಲೆಂಡಿನಲ್ಲಿ ಇಡೀ ಪ್ರಾಣಿಯೇ ಸಿಕ್ಕಿತು. ಮೈತುಂಬ ಹುರುಪೆ, ತಲೆಗೊಂದು ಬಾಲಕ್ಕೊಂದು ಚಿಪ್ಪು! ಬಿಡಿಯಾಗಿ ಸಿಕ್ಕಾಗ ಅವೆಲ್ಲ ಒಂದೇ ಮೈಯವೆಂದು ಊಹಿಸುವುದು ಸುಲಭವೆ?

ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಶಾಸನದಲ್ಲಿ ಒಂದು ಅಕ್ಷರ ಅಳಿಸಿದವನನ್ನು ನಾನು ಕ್ಷಮಿಸುತ್ತಿದ್ದೆನೆ? ಅಳಿಸಿದ್ದಲ್ಲದೆ, ಅಲ್ಲಿ ಅಕ್ಷರವೇ ಇರಲಿಲ್ಲವೆಂದು ಸಾಧಿಸಿದವನನ್ನು? ಕೈ ತೊಳೆದು ಬಂದು, "ಮಾವ, ಹದಿನೇಳಿತ್ತು. ನಾನು ಸೀನಿದೆ," ಎಂದೆ.

ಮಾವ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಪುಸ್ತಕ ತಂದು ನನ್ನ ಕೈಗೇ ಕೊಟ್ಟು, "ನೀನೇ ತಿದ್ದು. ಕಳೆದದ್ದು ತಪ್ಪಲ್ಲ ಕಣೋ, ಯಾರ ಕೈಯಲ್ಲಾದರೂ ಕಳೆದೀತು. ಲೆಕ್ಕದಿಂದ ತೆಗೆದರೆ ಮಾತ್ರ ಅದು ಎರಡನೆಯ ಸಲ ಸತ್ತ ಹಾಗೆ," ಎಂದರು.

"ಸಿಕ್ಕಿದ್ದು 17, ಕಳೆದದ್ದು 1" ಎಂದು ಬರೆದೆ. ಕಾರಣ ಬರೆಯುವ ಕಡೆ ನಾಚುತ್ತ "ಸೀನು" ಎಂದೂ ಬರೆದೆ. ನಾನು ಬರೆದ ಮೊದಲ ಪ್ರಾಮಾಣಿಕ ಇತಿಹಾಸ ಅದೇ ಎಂದು ಈಗ ಅನ್ನಿಸುತ್ತದೆ.