ದುರ್ಗದ ಬಾನಿನಲ್ಲಿ ಹಿರಿಯರ ವೇಷದ ಕಿರಿಯ ಯಂತ್ರಗಳು

ಬೆಂಗಳೂರಿನಿಂದ ಪುಣೆಯ ಹೆದ್ದಾರಿ ಹಿಡಿದು ಬರುವವರಿಗೆ ಹಿರಿಯೂರು ದಾಟುತ್ತಲೇ ನೋಟ ಬೇರೆಯಾಗುತ್ತದೆ. ತೋಟದ ಹಸುರು ಹಿಂದುಳಿದು ಬೋಳುಬಂಡೆಯ ಗುಡ್ಡಗಳು ಒಂದೊಂದಾಗಿ ತಲೆಯೆತ್ತುತ್ತವೆ. ಅವುಗಳ ನೆತ್ತಿಯಲ್ಲಿ ಬಿಳಿಯ ಗಾಳಿಯಂತ್ರಗಳು ತಮ್ಮ ಮೂರು ತೋಳುಗಳನ್ನು ಅವಸರವಿಲ್ಲದೆ ತಿರುಗಿಸುತ್ತ ನಿಂತಿವೆ. ಚಿತ್ರದುರ್ಗವೆಂದೊಡನೆ ನಮ್ಮ ಮನೆಗಳಲ್ಲಿ ನೆನಪಾಗುವುದು ಏಳು ಸುತ್ತಿನ ಕೋಟೆ, ಮದಕರಿನಾಯಕ, ಕಿಂಡಿಯ ಬಳಿ ಒನಕೆ ಹಿಡಿದು ನಿಂತ ಓಬವ್ವ. 1779ರಲ್ಲಿ ಕೋಟೆಯು ಹೈದರಾಲಿಯ ಕೈಸೇರುವುದರೊಡನೆ ದುರ್ಗದ ಕಥೆಯೂ ಮುಗಿಯಿತೆಂಬಂತೆ ನಾವು ಮಾತನಾಡುತ್ತೇವೆ. ಅದೆಲ್ಲವೂ ಕಲ್ಲಿನ ಕಥೆ, ನೆಲದ ಕಥೆ. ಈಚಿನ ವರ್ಷಗಳಲ್ಲಿ ಇದೇ ಸೀಮೆಗೆ ಬಾನಿನ ಕಥೆಯೊಂದು ಸೇರಿಕೊಂಡಿದೆ. ಕೋಟೆ ನೋಡಿ, ಬಸ್ಸು ಹತ್ತಿ ಹೊರಟುಬಿಡುವ ಪ್ರವಾಸಿಗರಿಗೆ ಅದರ ಸುಳಿವು ಸಿಕ್ಕುವುದಿಲ್ಲ.

2023ರ ಏಪ್ರಿಲ್ 2, ಭಾನುವಾರ. ದುರ್ಗದ ನೆರೆಯ ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನ ವಿಮಾನ ಪರೀಕ್ಷಾ ವಲಯದಿಂದ ಬೆಳಗಿನ 7 ಗಂಟೆ 10 ನಿಮಿಷಕ್ಕೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರೊಂದು ಮೇಲೆದ್ದಿತು. ಅದರ ಹೊಟ್ಟೆಯ ಕೆಳಗೆ, ಗಿಡುಗನ ಉಗುರಿಗೆ ಸಿಕ್ಕ ಹಕ್ಕಿಯಂತೆ, ರೆಕ್ಕೆಯುಳ್ಳ ಇನ್ನೊಂದು ವಾಹನ ತೂಗುತ್ತಿತ್ತು. ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಚಿನೂಕ್ ಅದನ್ನು ಕೈಬಿಟ್ಟಿತು. ಒಳಗೆ ಚಾಲಕನಿಲ್ಲ, ನೆಲದಿಂದ ಹಿಡಿದು ನಡೆಸುವ ಕೈಯೂ ಇಲ್ಲ. ದಾರಿಯ ಲೆಕ್ಕವನ್ನು ತಾನೇ ಹಾಕಿಕೊಂಡು ತೇಲುತ್ತ ಬಂದ ಆ ವಾಹನ 7 ಗಂಟೆ 40 ನಿಮಿಷಕ್ಕೆ ರನ್‌ವೇ ಮುಟ್ಟಿತು. ರೆಕ್ಕೆಯ ವಾಹನವೊಂದನ್ನು ಹೆಲಿಕಾಪ್ಟರಿನಲ್ಲಿ ಅಷ್ಟೆತ್ತರಕ್ಕೆ ಒಯ್ದು ಬಿಟ್ಟು, ಅದು ತಾನಾಗಿಯೇ ರನ್‌ವೇಗೆ ಇಳಿದುದು ಜಗತ್ತಿನಲ್ಲಿಯೇ ಮೊದಲೆಂದು ಇಸ್ರೋ ಸಂಸ್ಥೆ ಸಾರಿತು. ಮುಂದೆ ಅದಕ್ಕೆ ಪುಷ್ಪಕವೆಂಬ ಹೆಸರೂ ಬಂದಿತು.

ಆದರೆ ಈ ಪುಷ್ಪಕವು ಮುಂದೊಂದು ದಿನ ಆಕಾಶಕ್ಕೆ ಹೋಗಿ ಮರಳಬೇಕಾದ ವಾಹನವಲ್ಲ. ಅದರ ಕಿರಿಯ ರೂಪ. ಇದೇ ಬಗೆಯ ಆರೂವರೆ ಮೀಟರ್ ಉದ್ದದ, 1.75 ಟನ್ ತೂಕದ ವಾಹನವೊಂದು 2016ರ ಮೇ 23ರಂದು ಶ್ರೀಹರಿಕೋಟೆಯಿಂದ ಹಾರಿ, 65 ಕಿಲೋಮೀಟರ್ ಎತ್ತರ ಮುಟ್ಟಿ, ಬಂಗಾಳಕೊಲ್ಲಿಯ ಕಡೆಗೆ ಇಳಿದಿತ್ತು. ನಿಜವಾದ ವಾಹನ ಇದರ ಸುಮಾರು ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು, ಅಂದರೆ 1.6 ಪಟ್ಟು ದೊಡ್ಡದಾಗಬೇಕು. ಹಾಗಾದರೆ ದುರ್ಗದ ಬಾನಿನಲ್ಲಿ ನಡೆಯುತ್ತಿರುವುದು ಹಿರಿದೊಂದರ ಒಡಲನ್ನು ಕಿರಿದೊಂದಕ್ಕೆ ತೊಡಿಸಿ ನೋಡುವ ವಿದ್ಯೆ. 2022ರ ಜುಲೈ 1ರಂದು ಇದೇ ವಲಯದಲ್ಲಿ ಬಾಲವೇ ಇಲ್ಲದ, ಮೈಯೆಲ್ಲ ರೆಕ್ಕೆಯಾದ ಚಾಲಕರಹಿತ ವಿಮಾನವೊಂದು ಹಾರಿತು. ಅದೂ ಹಿರಿಯ ಯುದ್ಧವಿಮಾನವೊಂದರ ಸಿದ್ಧತೆಗಾಗಿ ಮಾಡಿದ ಕಿರಿಯ ರೂಪವೇ.

ಈ ವಿದ್ಯೆ ನಮಗೆ ತೀರ ಹೊಸದೇನೂ ಅಲ್ಲ. ಗರ್ಭಗುಡಿಯ ಮೂಲವಿಗ್ರಹ ಕದಲುವುದಿಲ್ಲ. ಹಿರಿಯೂರಿನ ತೇರುಮಲ್ಲೇಶ್ವರನ ರಥವನ್ನು ನೋಡಿದವರಿಗೆಲ್ಲ ತಿಳಿದಂತೆ, ಬೀದಿಗೆ ಬರುವುದು ಉತ್ಸವಮೂರ್ತಿ. ಕಿರಿದಾದರೂ ಅದಕ್ಕೆ ಹಿರಿದರ ಲಕ್ಷಣಗಳೆಲ್ಲ ಬೇಕು. ಹೊರುವವರ ಹೆಗಲಿಗೆ ಹಗುರವೂ ಆಗಬೇಕು. ಈ ಎರಡು ಬೇಡಿಕೆಗಳ ನಡುವಣ ಇಕ್ಕಟ್ಟನ್ನು ಇಂದು ಚೆನ್ನಾಗಿ ಬಲ್ಲವರೆಂದರೆ, ವಿಜ್ಞಾನಿಗಳನ್ನು ಬಿಟ್ಟರೆ, ಬ್ಯಾಟರಿಯ ಪುಟ್ಟ ಹೆಲಿಕಾಪ್ಟರುಗಳನ್ನು ರೇಡಿಯೋದಿಂದ ನಡೆಸುವ ಹವ್ಯಾಸಿಗಳು. ಅವರ ಕೆಲಸವನ್ನು ಆಟಿಕೆಯೆಂದು ತಳ್ಳಿಹಾಕುವವರುಂಟು. ಹಾಗೆ ತಳ್ಳಿಹಾಕುವ ಮೊದಲು ಅದನ್ನು ಒಮ್ಮೆ ಹತ್ತಿರದಿಂದ ನೋಡುವುದು ಒಳ್ಳೆಯದು.

ಅಂಗಡಿಯಿಂದ ತಂದಾಗ ಈ ಹೆಲಿಕಾಪ್ಟರ್ ಬರಿಯ ಅಸ್ಥಿಪಂಜರ. ಮೋಟಾರು, ಹಲ್ಲುಚಕ್ರ, ಬ್ಯಾಟರಿ, ಮುಂದೆ ಮುಖವಾಡದಂಥ ತೆಳು ಹೊದಿಕೆ, ಹಿಂದೆ ಕೋಲಿನಂಥ ಬಾಲ, ಅಷ್ಟೇ. ಹಗುರವಾಗಿರುವುದರಿಂದ ಪಲ್ಟಿ ಹೊಡೆಯುತ್ತದೆ, ತಲೆಕೆಳಗಾಗಿಯೂ ಹಾರುತ್ತದೆ. ಕೆಲವರಿಗೆ ಇಷ್ಟು ಸಾಲದು. ತಮ್ಮ ಯಂತ್ರವು ಬೆಲ್ ಜೆಟ್ ರೇಂಜರಿನಂತೆಯೋ ನಮ್ಮ ಸೇನೆಯ ಚೇತಕ್‌ನಂತೆಯೋ ಕಾಣಬೇಕು, ಅದರಂತೆಯೇ ಗಂಭೀರವಾಗಿ ಏರಿಳಿಯಬೇಕು ಎಂಬ ಆಸೆ. ಆಗ ಫೈಬರ್‌ಗ್ಲಾಸಿನಲ್ಲಿ ಎರಕಹೊಯ್ದ, ಫ್ಯೂಸ್‌ಲೇಜ್ ಎಂದು ಕರೆಯುವ ಟೊಳ್ಳು ಒಡಲನ್ನು ತರಿಸಿಕೊಂಡು, ಅಸ್ಥಿಪಂಜರವನ್ನು ಅದರೊಳಗೆ ಕೂಡಿಸಬೇಕು.

ಕಷ್ಟ ಮೊದಲಾಗುವುದು ಅಲ್ಲಿಂದ. ಮುಖವಾಡ, ಕಾಲುಗಳು ಬಿಚ್ಚಿಹೋಗಬೇಕು. ಒಡಲಿನ ಒಳಗೋಡೆಗೆ ಪ್ಲೈವುಡ್ಡಿನ ಅಡ್ಡಪಟ್ಟಿಗಳನ್ನು ಎಪಾಕ್ಸಿ ಅಂಟಿನಿಂದ ಕೂಡಿಸಿ, ಯಂತ್ರವನ್ನು ಅವುಗಳ ಮೇಲೆ ಸ್ಕ್ರೂ ಹಾಕಿ ನಿಲ್ಲಿಸಬೇಕು. ಬೆನ್ನಿನ ತೂತಿನ ನಟ್ಟನಡುವೆ ರೆಕ್ಕೆಯ ದಂಡ ನೆಟ್ಟಗೆ ಎದ್ದು ನಿಲ್ಲಬೇಕು; ಅಲ್ಲಿ ಕೂದಲೆಳೆಯಷ್ಟು ಓರೆಯಾದರೂ ಬಾಲದ ತುದಿಯಲ್ಲಿ ಬೆರಳಗಲದ ಓರೆ. ಅಸ್ಥಿಪಂಜರದ ಬಾಲವು ಹೊಸ ಒಡಲಿನ ಬಾಲಕ್ಕಿಂತ ಗಿಡ್ಡವಾಗಿದ್ದರೆ ಕೊಳವೆಯನ್ನೂ ಒಳಗಿನ ಬೆಲ್ಟನ್ನೂ ಉದ್ದದ್ದಕ್ಕೆ ಬದಲಿಸಬೇಕು. ಮುಂದೆ ಬೆಲ್ಟು ಸಡಿಲವಾದರೆ ಬಿಗಿಮಾಡಲು ಕೈ ಎಲ್ಲಿಂದ ಹೋಗಬೇಕೆಂಬುದನ್ನು ಅಂಟು ಹಚ್ಚುವ ಮೊದಲೇ ಯೋಚಿಸಿರಬೇಕು. ಎಲ್ಲ ಮುಗಿದ ಮೇಲೆ ರೆಕ್ಕೆಯ ಬುಡ ಹಿಡಿದು ಎತ್ತಿ ನೋಡುವುದು ವಾಡಿಕೆ. ಒಡಲು ತಕ್ಕಡಿಯ ದಂಡಿಗೆಯಂತೆ ಸಮನಾಗಿ ತೂಗಿದರೆ ಸರಿ. ಸಾಮಾನ್ಯವಾಗಿ ಹಾಗಾಗುವುದಿಲ್ಲ, ಹೊಸ ಬಾಲದ ಭಾರಕ್ಕೆ ಹಿಂಬದಿ ಜಗ್ಗುತ್ತದೆ. ಬ್ಯಾಟರಿಯನ್ನು ಮೂಗಿನ ತುದಿಯವರೆಗೂ ತಳ್ಳಿ, ಅದೂ ಸಾಲದೆ ಅಲ್ಲಿ ಸೀಸದ ಚೂರನ್ನು ಇಡುವವರೂ ಇದ್ದಾರೆ. ತೂಕ ಇಳಿಸಲು ಹಗಲಿರುಳು ಒದ್ದಾಡಿದವನೇ ಕೊನೆಗೆ ತನ್ನ ಕೈಯಾರೆ ಸೀಸ ಹೊರಿಸಬೇಕಾಗಿ ಬರುವುದು ಈ ಹವ್ಯಾಸದ ವಿನೋದಗಳಲ್ಲಿ ಒಂದು.

ಬಯಲಲ್ಲಿದ್ದಾಗ ತಾನಾಗಿ ತಣಿಯುತ್ತಿದ್ದ ಮೋಟಾರು ಮುಚ್ಚಿದ ಒಡಲೊಳಗೆ ಕಾಯುತ್ತದೆ. ದುರ್ಗದ ಏಪ್ರಿಲ್ ಬಿಸಿಲಿನಲ್ಲಿ ಕೇಳುವುದೇ ಬೇಡ. ಗಾಳಿಯಾಡಲು ತೂತು ಕೊರೆಯಬೇಕು. ನಿಜವಾದ ಹೆಲಿಕಾಪ್ಟರಿನಲ್ಲಿ ತೂತು ಇರುವ ಕಡೆಯಲ್ಲಿಯೇ ಕೊರೆದರೆ ಮಾತ್ರ ನೋಡುವ ಕಣ್ಣಿಗೆ ಮೋಸವಾಗದು. ಜಾಣರು ಅಂಥ ಎಡೆಯನ್ನು ಹುಡುಕಿಯೇ ಹುಡುಕುತ್ತಾರೆ.

ಇಷ್ಟೆಲ್ಲ ಮಾಡಿದರೂ ಒಂದು ಲೆಕ್ಕದಿಂದ ತಪ್ಪಿಸಿಕೊಳ್ಳುವಂತಿಲ್ಲ. ಉದ್ದವನ್ನು ಅರ್ಧ ಮಾಡಿದರೆ ಹರವು ಕಾಲುಭಾಗವಾಗುತ್ತದೆ, ತೂಕ ಎಂಟರಲ್ಲೊಂದು ಭಾಗವಾಗಬೇಕು. ಜೆಟ್ ರೇಂಜರಿನ ರೆಕ್ಕೆಯ ವೃತ್ತ ಸುಮಾರು 10 ಮೀಟರ್ ಅಗಲ, ತುಂಬಿದ ತೂಕ ಸುಮಾರು 1,450 ಕಿಲೋಗ್ರಾಂ. ಹವ್ಯಾಸಿಯ ಯಂತ್ರದ ವೃತ್ತ 70 ಸೆಂಟಿಮೀಟರ್. ಅಂದರೆ ಹದಿನಾಲ್ಕು ಪಟ್ಟಿಗಿಂತಲೂ ಕಿರಿದು. ಲೆಕ್ಕದಂತೆ ಅದರ ತೂಕ ಅರ್ಧ ಕಿಲೋದಷ್ಟಿರಬೇಕು. ಒಡಲು ಕೂಡಿದ ಮೇಲೆ ನಿಜವಾಗಿ ತೂಗಿದರೆ ಒಂದು ಕಿಲೋದ ಹತ್ತಿರ ಬರುತ್ತದೆ. ಆಕಾರದಲ್ಲಿ ತದ್ರೂಪು, ತೂಕದಲ್ಲಿ ಇಮ್ಮಡಿ ಸಾಲಗಾರ! ಹಿರಿಯದರ ರೆಕ್ಕೆ ನಿಮಿಷಕ್ಕೆ ಸುಮಾರು 400 ಸುತ್ತು ತಿರುಗಿದರೆ ಸಾಕು. ಕಿರಿಯದು ಎರಡು ಸಾವಿರದ ಆಸುಪಾಸಿನಲ್ಲಿ ಬಡಿದುಕೊಳ್ಳಬೇಕು. ದೂರದಿಂದ ನೋಡುವವರಿಗೆ ಅದರ ನಡೆ ಗಂಭೀರ. ಒಳಗಿನ ಬ್ಯಾಟರಿಯ ಪಾಡು ಬ್ಯಾಟರಿಗೇ ಗೊತ್ತು.

ಈ ಲೆಕ್ಕವನ್ನು ತಿರುವಿ ಹಾಕಿದರೆ ಪುಷ್ಪಕದ ಕಷ್ಟ ತಿಳಿಯುತ್ತದೆ. ಅಲ್ಲಿ ಕಿರಿದರಿಂದ ಹಿರಿದಕ್ಕೆ ಏರಬೇಕು. ಉದ್ದ 1.6 ಪಟ್ಟು ಬೆಳೆದರೆ ರೆಕ್ಕೆಯ ಹರವು ಎರಡೂವರೆ ಪಟ್ಟು, ತೂಕವಾದರೋ ನಾಲ್ಕು ಪಟ್ಟು ಬೆಳೆಯುತ್ತದೆ. ರೆಕ್ಕೆಯ ಒಂದೊಂದು ಗೇಣಿನ ಮೇಲೂ ಹೆಚ್ಚು ಹೊರೆ. ಉಳಿದುದೆಲ್ಲ ಇದ್ದಂತೆಯೇ ಇದ್ದರೆ ಇಳಿಯುವ ವೇಗವೂ ಹೆಚ್ಚಬೇಕು. ಕಿರಿಯ ಪುಷ್ಪಕವೇ ಗಂಟೆಗೆ 320 ಕಿಲೋಮೀಟರಿಗೂ ಮೇಲ್ಪಟ್ಟ ವೇಗದಲ್ಲಿ ನೆಲ ಮುಟ್ಟುತ್ತದೆ. ನಾವು ಕುಳಿತು ಹೋಗುವ ವಿಮಾನಗಳು ಇಳಿಯುವುದು ಸುಮಾರು 260ರಲ್ಲಿ. ನೆಲ ಸೋಕಿದ ಮೇಲೆ ಹಿಂಬದಿಯ ಕೊಡೆ ಬಿಚ್ಚಿ ವೇಗವನ್ನು ನೂರರ ಹತ್ತಿರಕ್ಕೆ ತರುತ್ತದೆ, ಆಮೇಲೆ ಗಾಲಿಯ ಬ್ರೇಕಿನ ಸರದಿ. ತಪ್ಪಿದರೆ ಮತ್ತೊಮ್ಮೆ ಮೇಲೇರಿ ಸುತ್ತು ಹಾಕಿ ಬರುವ ಅವಕಾಶ ತೇಲಿಬರುವ ವಾಹನಕ್ಕಿಲ್ಲ.

ಇನ್ನು ಗಾಳಿಯ ಮಾತು. ಅದನ್ನು ತಿಳಿಯಬೇಕಾದರೆ ಹೊಳಲ್ಕೆರೆ, ಹೊಸದುರ್ಗಗಳ ಕಡೆಗೆ ಹೊರಳಬೇಕು. ಹೊಳಲ್ಕೆರೆಯ ಗಣಪತಿಯ ಹೆಸರೇ ಬಯಲು ಗಣಪತಿ. ಗಾಳಿ ಬಿಸಿಲುಗಳಿಗೆ ಮೈಯೊಡ್ಡಿ ಕುಳಿತ ದೇವರು. ಮುಂಗಾರಿನ ಮೋಡಗಳು ತಮ್ಮ ಗಂಟನ್ನು ಘಟ್ಟದಲ್ಲಿ, ಮಲೆನಾಡಿನಲ್ಲಿ ಬಿಚ್ಚಿ ಸುರಿದು ಬರಿಗೈಯಲ್ಲಿ ಇತ್ತ ಬರುತ್ತವೆ. ಮಳೆ ಅಲ್ಲಿಯದು, ಗಾಳಿ ಇಲ್ಲಿಯದು. ಜೋಗಿಮಟ್ಟಿಯಿಂದ ಹೊಸದುರ್ಗದ ಗುಡ್ಡಸಾಲಿನವರೆಗೆ ಗಾಳಿಯಂತ್ರಗಳು ಬೇರೂರಿರುವುದು ಇದೇ ಕಾರಣಕ್ಕೆ. ರೈತನಿಗೆ ನಿರಾಶೆ ತಂದ ಗಾಳಿಯೇ ವಿದ್ಯುತ್ತಾಗಿ ತಂತಿಯಲ್ಲಿ ಹರಿಯುತ್ತದೆ.

ಒಡಲು ತೊಟ್ಟ ಪುಟ್ಟ ಹೆಲಿಕಾಪ್ಟರಿಗೆ ಈ ಗಾಳಿ ಹಗೆ. ಬರಿಯ ಅಸ್ಥಿಪಂಜರವಾಗಿದ್ದಾಗ ಗಾಳಿ ಅದರ ಎಲುಬುಗಳ ನಡುವೆ ನುಸುಳಿ ಹೋಗುತ್ತಿತ್ತು. ಈಗ ಪಕ್ಕೆಯ ಮೇಲೆ ಬಿದ್ದ ಗಾಳಿ ಇಡೀ ಒಡಲನ್ನು ಹಾಯಿಯಂತೆ ತಳ್ಳುತ್ತದೆ. ಬಾಲ ಗಾಳಿಕೋಳಿಯಂತೆ ತಿರುಗಲು ಹವಣಿಸುತ್ತದೆ. ಬಾಲವನ್ನು ಹಿಡಿದಿಡುವ ಗೈರೋ ಯಂತ್ರದ ಲೆಕ್ಕವನ್ನೆಲ್ಲ ಹೊಸದಾಗಿ ಹೊಂದಿಸಬೇಕು. ಆದ್ದರಿಂದಲೇ ಹವ್ಯಾಸಿಗಳು ಗಾಳಿ ಏಳುವ ಮೊದಲು, ಎಳೆಬಿಸಿಲಿನಲ್ಲಿ ಬಯಲಿಗೆ ಬರುತ್ತಾರೆ. ಬಯಲು ಕಂಡಲ್ಲೆಲ್ಲ ಹಾರಿಸುವಂತೆಯೂ ಇಲ್ಲ: 2021ರ ಡ್ರೋನ್ ನಿಯಮಗಳಂತೆ ಹಸಿರು, ಹಳದಿ, ಕೆಂಪು ವಲಯಗಳ ನಕ್ಷೆಯುಂಟು, ದುರ್ಗದ ಕೋಟೆಯೂ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ರಜೆಯಲ್ಲಿ ಮಕ್ಕಳ ಹಟಕ್ಕೆ ಮಣಿದು ಯಂತ್ರವನ್ನು ಕಾರಿನಲ್ಲಿಟ್ಟುಕೊಂಡು ಹೊರಟವರು ಇದನ್ನು ಮೊದಲೇ ನೋಡಿಕೊಳ್ಳುವುದು ಕ್ಷೇಮ.

ಪುಷ್ಪಕದ ಮೂರು ಪ್ರಯೋಗಗಳಲ್ಲಿಯೂ ದಾಖಲಾದ ಹೊತ್ತು ಬೆಳಗಿನ 7 ಗಂಟೆ 10 ನಿಮಿಷವೇ. ಆದರೆ ಪರೀಕ್ಷೆಯ ಉದ್ದೇಶ ಸುಖವಾಗಿ ಇಳಿಯುವುದಲ್ಲವಷ್ಟೆ. 2024ರ ಮಾರ್ಚ್ 22ರಂದು ವಾಹನವನ್ನು ಬೇಕೆಂದೇ ರನ್‌ವೇಯ ನೇರದಿಂದ 150 ಮೀಟರ್ ಪಕ್ಕಕ್ಕೆ ಬಿಟ್ಟರು. ಜೂನ್ 23ರಂದು, ಮುಂಗಾರಿನ ಗಾಳಿ ಬಲಿತ ಕಾಲದಲ್ಲಿ, ಅದೇ ಒಡಲನ್ನು ಮತ್ತೆ ಬಳಸಿ 500 ಮೀಟರ್ ಪಕ್ಕಕ್ಕೆ ಬಿಟ್ಟರು. ಹಿಂದಿನದಕ್ಕಿಂತ ಜೋರಾದ ಗಾಳಿಯಲ್ಲಿ ಅದು ದಾರಿ ತಿದ್ದಿಕೊಂಡು ಬಂದು ರನ್‌ವೇಯ ನಡುಗೆರೆಯ ಮೇಲೆ ಇಳಿಯಿತು.

ಎಲ್ಲ ಸಲವೂ ಹೀಗೆ ಸಲೀಸಾಗಿ ನಡೆಯುವುದಿಲ್ಲ. ಹಿರಿಯೂರು ತಾಲ್ಲೂಕಿನವರಿಗೆ ಇದು ಚೆನ್ನಾಗಿ ಗೊತ್ತು. ಹವ್ಯಾಸಿಯ ಯಂತ್ರ ಬಿದ್ದರೆ ಫೈಬರ್‌ಗ್ಲಾಸಿನ ಒಡಲು ಬಿರಿಯುತ್ತದೆ. ಎರಡು ತಿಂಗಳ ಸಂಜೆಗಳು ವ್ಯರ್ಥವಾಗುತ್ತವೆ. 2023ರ ಆಗಸ್ಟ್ 20ರಂದು ವದ್ದೀಕೆರೆಯ ಬಳಿ ಹೊಲದಲ್ಲಿ ಬಿದ್ದದ್ದು ತಪಸ್ ಎಂಬ ಚಾಲಕರಹಿತ ವಿಮಾನ. ಕಿರಿಯ ರೂಪವಲ್ಲ, ಪೂರ್ಣಪ್ರಮಾಣದ್ದೇ. 2019ರ ಸೆಪ್ಟೆಂಬರ್ 17ರಂದು ಜೋಡಿಚಿಕ್ಕೇನಹಳ್ಳಿಯ ಬಳಿ ಇಂಥದೇ ಇನ್ನೊಂದು ಬಿದ್ದಿತ್ತು. ಎರಡು ಸಲವೂ ಪ್ರಾಣಹಾನಿಯಾಗಲಿಲ್ಲವೆಂಬುದು ಪುಣ್ಯ. ಊರವರು ಸುತ್ತುಗಟ್ಟಿ ನೋಡಿದರು. ಹೊಲದಲ್ಲಿ ಕೆಲಸ ಮಾಡುವವರು ತಲೆಯೆತ್ತಿ ಸದ್ದು ಆಲಿಸುವುದನ್ನು ಕಲಿಯಬೇಕಾದ ಕಾಲ ಬಂದಿತಲ್ಲ!

ಅಲ್ಲಿನವರು ಇದಕ್ಕೆ ಮೊದಲು ತಲೆಯೆತ್ತಿ ನೋಡುತ್ತಿದ್ದುದು ಮೋಡಕ್ಕಾಗಿ. ಹೊಸದುರ್ಗದ ಸೀಮೆಯನ್ನು ಹಾದು ಬರುವ ವೇದಾವತಿಗೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಮುಗಿಯಿತು. 1933ರಲ್ಲಿ ಕೋಡಿ ಬಿದ್ದ ಕೆರೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಮೇಲೆ. ನೀರು ಹರಿಯುವುದನ್ನು ನೋಡಲು ಜಿಲ್ಲೆಗೆ ಜಿಲ್ಲೆಯೇ ಬಂದಿತ್ತು. ಪುಷ್ಪಕ ಇಳಿದಾಗ ಅಷ್ಟು ಜನ ಸೇರಲಿಲ್ಲ. ಸೇರಲು ಬಿಡುವಂಥ ಜಾಗವೂ ಅದಲ್ಲ.

ಆ ಜಾಗಕ್ಕೆ ಕಾವಲು ಎಂಬ ಹೆಸರು ಸುಮ್ಮನೆ ಬಂದುದಲ್ಲ. ಮೈಸೂರಿನ ಅರಸರು ತಮ್ಮ ದನಗಳಿಗೆಂದು ಕಾಯ್ದಿರಿಸಿದ ಹುಲ್ಲುಗಾವಲುಗಳು ಅವು. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎಂದಾಯಿತು. ಹೈದರಾಲಿಯ, ಟಿಪ್ಪುವಿನ ಫಿರಂಗಿಗಳನ್ನು ಎಳೆದದ್ದು ಈ ತಳಿಯ ಎತ್ತುಗಳೇ. ದುರ್ಗವನ್ನು ಮುತ್ತಿದ ಸೇನೆಯ ಹೊರೆಯೂ ಇವುಗಳ ಹೆಗಲ ಮೇಲೆಯೇ ಬಂದಿರಬೇಕು. ಚಳ್ಳಕೆರೆಯ ಕಾವಲುಗಳಲ್ಲಿ ರಕ್ಷಣಾ ಸಂಶೋಧನೆಗೆ 4,290 ಎಕರೆ, ಇತರ ವಿಜ್ಞಾನಸಂಸ್ಥೆಗಳಿಗೆ ಇನ್ನಷ್ಟು ಸಾವಿರ ಎಕರೆ ನೆಲ ದೊರೆಯಿತು. 2017ರ ಮೇ 28ರಂದು ಪರೀಕ್ಷಾ ವಲಯದ ಉದ್ಘಾಟನೆಯಾಯಿತು. ಅದಕ್ಕೆ ಮೊದಲೇ ವಿಷಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತ್ತು. ಚಾಲಕರಹಿತ ವಿಮಾನವನ್ನು ಊರಿನ ಮೇಲೆ ಪರೀಕ್ಷಿಸಲಾಗದು, ಬಯಲೇ ಬೇಕು. ಆ ಮಾತು ನಿಜ. ಕುರಿಯನ್ನೂ ಊರೊಳಗೆ ಮೇಯಿಸಲಾಗದು, ಅದಕ್ಕೂ ಬಯಲೇ ಬೇಕು ಎಂಬ ಮಾತೂ ಅಷ್ಟೇ ನಿಜ. ಚಳ್ಳಕೆರೆಯ ಕಂಬಳಿಯ ಉಣ್ಣೆ ಬೆಳೆಯುವುದು ಈ ಹುಲ್ಲಿನಿಂದಲೇ.

ಈಗ ಕಾವಲಿನ ಸುತ್ತ ಗೋಡೆ ಎದ್ದಿದೆ. ಹಿಂದೆ ನೇರ ದಾಟಿ ಹೋಗುತ್ತಿದ್ದ ಮಂದೆಗಳು ಈಗ ಗೋಡೆಯನ್ನು ಬಳಸಿಕೊಂಡು ನಡೆಯುತ್ತವೆ.