ಮೊದಲು ಫೋಟೊ ತೋರಿಸಿ

ಕ್ಯಾಮೆರಾ ಹವ್ಯಾಸದವರು ನಾಲ್ಕು ಜನ ಒಂದು ಕಡೆ ಕೂತರೆ ಮಾತು ಎಲ್ಲಿಂದ ಶುರುವಾದರೂ ಸರಿ, ಕಾಫಿ ಬರುವಷ್ಟರಲ್ಲಿ ಲೆನ್ಸಿಗೆ ಬಂದಿರುತ್ತದೆ. ‘ಸಾರ್, ನನ್ನ ಹತ್ರ 55–250 ಇದೆ. ಹಕ್ಕಿ ತೆಗೀಬೇಕು. 100–400 ಸಾಕಾ, ಇಲ್ಲ ಸೀದಾ 200–600ಗೇ ಹೋಗಿಬಿಡ್ಲಾ?’ ಗುಂಪಿನಲ್ಲಿ ಕಿರಿಯರೊಬ್ಬರು ಹೀಗೆ ಕೇಳಿದ್ದೇ ತಡ, ಉತ್ತರಗಳ ಮಳೆ. ಕೆನಾನ್‌ನವರು ಕೆನಾನ್ ಅನ್ನುತ್ತಾರೆ, ನಿಕಾನ್‌ನವರು ನಿಕಾನ್, ಈಚೆಗೆ ಸೋನಿಗೆ ಹೊರಳಿದವರಿಗೆ ಸೋನಿ ಬಿಟ್ಟು ಬೇರೆ ಕಾಣುವುದಿಲ್ಲ. ಯಾರೂ ಕಾಟಾಚಾರಕ್ಕೆ ಹೇಳುವುದಿಲ್ಲ. ವರ್ಷಗಟ್ಟಲೆ ದುಡ್ಡು ಕೂಡಿಸಿ ಕೊಂಡ ವಸ್ತು. ಅದರ ಗುಣ ಹೇಳುವಾಗ ಕಣ್ಣು ಹೊಳೆಯುವುದು ಸಹಜವೇ. ಆದರೂ ಇಂಥ ಕಡೆ ನನಗೆ ತುಂಬ ಇಷ್ಟವಾಗುವುದು ಹಳಬರು ಕೊಡುವ ಉತ್ತರ: ‘ಲೆನ್ಸ್ ಇರಲಿ, ಮೊದಲು ನಿಮ್ಮ ಫೋಟೊ ತೋರಿಸಿ.’

ಈ ಮಾತಿನಲ್ಲಿ ಎಷ್ಟು ತೂಕವಿದೆ ಅನ್ನುವುದು ರಂಗನತಿಟ್ಟಿನ ಚಿತ್ರಗಳನ್ನು ನೋಡಿದರೆ ತಿಳಿಯುತ್ತದೆ. ಬೆಂಗಳೂರು, ಮೈಸೂರಿನ ಹವ್ಯಾಸಿಗಳಲ್ಲಿ ಅಲ್ಲಿಗೆ ಹೋಗದವರು ಕಡಿಮೆ. ದೋಣಿಯಲ್ಲಿ ಕೂತು ನದಿ ರೀವದ ಹಾರಾಟ ತೆಗೆದು ಬಂದವರಲ್ಲಿ ಅನೇಕರ ದೂರು ಒಂದೇ: ‘ಶಾರ್ಪ್ ಬರ್ತಾ ಇಲ್ಲ ಸಾರ್, ಲೆನ್ಸೇ ಸರಿಯಿಲ್ಲ ಅನ್ಸುತ್ತೆ.’ ಫೋಟೊದ ವಿವರ ತೆರೆದರೆ ಶಟರ್ ಸ್ಪೀಡ್ 1/250 ಅಂತ ಇರುತ್ತದೆ. ಕೂತ ದೋಣಿ ಅಲುಗುತ್ತಿದೆ, ಎದುರಿನ ಹಕ್ಕಿ ರೆಕ್ಕೆ ಬಡಿಯುತ್ತಿದೆ. ಲೆನ್ಸಿನೊಳಗಿರುವ ಸ್ಟೆಬಿಲೈಸೇಶನ್ ನಮ್ಮ ಕೈ ನಡುಕವನ್ನು ಸಂಭಾಳಿಸೀತು, ರೀವದ ರೆಕ್ಕೆಯನ್ನು ಅದು ನಿಲ್ಲಿಸಲಾರದು. ಅದಕ್ಕೆ 1/2000ದ ಆಸುಪಾಸಿನ ವೇಗವೇ ಬೇಕು. ಇವತ್ತಿನ ಬಹುಪಾಲು ಕ್ಯಾಮೆರಾಗಳ ಮೆನುವಿನಲ್ಲಿ ಆಟೊ ಐಎಸ್‌ಒ ಜೊತೆಗೇ ಕನಿಷ್ಠ ಶಟರ್ ಸ್ಪೀಡ್ ಗೊತ್ತುಮಾಡುವ ಜಾಗ ಇರುತ್ತದೆ. ಅದನ್ನೊಂದು ಸಲ ಸರಿಮಾಡಿಕೊಂಡು, ಚಿತ್ರದಲ್ಲಿ ಸ್ವಲ್ಪ ನಾಯ್ಸ್ ಬಂದರೂ ಪರವಾಗಿಲ್ಲ ಅಂತ ಮನಸ್ಸು ಗಟ್ಟಿಮಾಡಿಕೊಂಡರೆ ಅದೇ 55–250 ಮುಂದಿನ ವಾರ ಬೇರೆ ಚಿತ್ರ ಕೊಡುತ್ತದೆ. ಅದು ಬಿಟ್ಟು 600 ಎಂಎಂ ಕೊಂಡರೆ ಅಲುಗಾಟವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ, ಅಷ್ಟೇ ಲಾಭ.

ಯಕ್ಷಗಾನದ ಫೋಟೊಗಳಲ್ಲೂ ಈಚೆಗೆ ಇಂಥದೇ ಒಂದು ತಾಪತ್ರಯ ಕಾಣುತ್ತಿದೆ. ವೇಷದ ಮೇಲೆ ಅಡ್ಡಡ್ಡ ಕಪ್ಪು ಪಟ್ಟೆಗಳು. ತೆಗೆದವರಿಗೆ ಗಾಬರಿ, ಹೊಸ ಮಿರರ್‌ಲೆಸ್ ಕ್ಯಾಮೆರಾದ ಸೆನ್ಸರ್ ಹೋಯಿತೇನೋ ಅಂತ. ಸೆನ್ಸರ್ ಗಟ್ಟಿಯಾಗಿಯೇ ಇರುತ್ತದೆ. ರಂಗಸ್ಥಳದ ಮೇಲಿನ ಎಷ್ಟೋ ಎಲ್‌ಇಡಿ ದೀಪಗಳು ನಮ್ಮ ಕಣ್ಣಿಗೆ ಗೊತ್ತಾಗದ ವೇಗದಲ್ಲಿ ಮಿನುಗುತ್ತಿರುತ್ತವೆ. ಸದ್ದಾಗಬಾರದು ಅಂತ ಇವರು ಸೈಲೆಂಟ್ ಶಟರ್ ಹಾಕಿರುತ್ತಾರೆ. ಆ ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಮೇಲಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತದೆ. ಒಂದು ಸಾಲು ಓದುವಾಗ ದೀಪ ಪ್ರಖರವಾಗಿ, ಇನ್ನೊಂದು ಸಾಲಿಗೆ ಮಂಕಾಗಿ, ಹೀಗೆ ಪಟ್ಟೆ ಮೂಡುತ್ತದೆ. ಮೆಕ್ಯಾನಿಕಲ್ ಶಟರಿಗೆ ಬಂದು, ನಮ್ಮ 50 ಹರ್ಟ್ಸ್ ಕರೆಂಟಿಗೆ ಹೊಂದುವ 1/100ರಲ್ಲಿ ತೆಗೆದರೆ ಬಹುಮಟ್ಟಿಗೆ ಪಟ್ಟೆ ಹೋಗುತ್ತದೆ. 1/100ರಲ್ಲಿ ಕುಣಿತ ನಿಲ್ಲುವುದಿಲ್ಲವಲ್ಲ ಅಂದರೆ, ವೇಷಧಾರಿ ತಿರುಗಿ ಒಂದು ಕ್ಷಣ ನಿಲ್ಲುವ ಜಾಗ ಕಾಯಬೇಕು. ತಾಳ ಬಲ್ಲವರಿಗೆ ಆ ಜಾಗ ಮೊದಲೇ ಗೊತ್ತಾಗುತ್ತದೆ. ಕರಾವಳಿಯ ಹುಡುಗರು ಈ ವಿಷಯದಲ್ಲಿ ನಮ್ಮೆಲ್ಲರಿಗಿಂತ ಒಂದು ಹೆಜ್ಜೆ ಮುಂದೆ.

ಹಾಗಂತ ಸಾಮಾನಿನ ಮಾತೇ ಆಡಬಾರದು ಅಂತ ನಾನು ಹೇಳುವುದಿಲ್ಲ. ಮಲೆನಾಡಿನವರ ಜೊತೆ, ಕರಾವಳಿಯವರ ಜೊತೆ ಕೂತರೆ ಆಡಲೇಬೇಕಾದ ಸಾಮಾನಿನ ಮಾತೊಂದಿದೆ: ಫಂಗಸ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ಯಾಮೆರಾವನ್ನು ಚರ್ಮದ ಕೇಸಿನಲ್ಲಿ ಹಾಕಿ ಬೀರುವಿನಲ್ಲಿಟ್ಟರೆ ಲೆನ್ಸಿನ ಒಳಗೆ ಜೇಡರ ಬಲೆಯ ಎಳೆಗಳಂತೆ ಬೂಷ್ಟು ಹಬ್ಬುತ್ತದೆ. ಕೆಲವು ತಿಂಗಳು ಬಿಟ್ಟರೆ ಗಾಜಿನ ಮೇಲಿನ ಲೇಪವನ್ನೇ ತಿಂದುಹಾಕುತ್ತದೆ. ಮೊದಲು ಕೇಸಿನಿಂದ ಹೊರಗೆ ತೆಗೆಯಿರಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವಾಂಶ ತೋರಿಸುವ ಪುಟ್ಟ ಮೀಟರ್. ಅದು ಶೇಕಡಾ 40ರಿಂದ 50ರ ನಡುವೆ ನಿಂತರೆ ಚೆನ್ನ. ನೀಲಿ ಹರಳು ಗುಲಾಬಿಗೆ ತಿರುಗಿದರೆ ಬಾಣಲೆಯಲ್ಲಿ ಹದವಾಗಿ ಬಿಸಿಮಾಡಿದರಾಯಿತು, ಮತ್ತೆ ನೀಲಿಯಾಗುತ್ತದೆ. ಆ ಬಾಣಲೆಯನ್ನು ಮಾತ್ರ ಮತ್ತೆ ಅಡುಗೆಗೆ ಬಳಸಬೇಡಿ. ಸೆಕೆಂಡ್‌ಹ್ಯಾಂಡ್ ಲೆನ್ಸ್ ಕೊಳ್ಳುವವರು ಅದರ ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಬೇಕು. ಒಂದೆರಡು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ, ಎಳೆ ಕಂಡರೆ ಕೈಮುಗಿದು ವಾಪಸ್ ಕೊಡಬೇಕು. ಇಂಥ ಸಲಹೆ ಕೊಡಲು ಯಾರ ಫೋಟೊವನ್ನೂ ನೋಡಬೇಕಿಲ್ಲ.

ಹಿಂದೆ ಆಯ್ಕೆಗಳು ಕಡಿಮೆ ಇದ್ದವು, ಅದಕ್ಕೇ ಮಾತು ಬೇಗ ಚಿತ್ರಕ್ಕೆ ಬರುತ್ತಿತ್ತು. ಎಷ್ಟೋ ಮನೆಗಳ ಮೊದಲ ಕ್ಯಾಮೆರಾ ಆಗ್ಫಾ ಕ್ಲಿಕ್ 3. ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು, 120ರ ರೋಲಿನಲ್ಲಿ 12 ಚಿತ್ರ. ಕಪ್ಪು ಬಿಳುಪು ಅಂದರೆ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮ್. ಮೀಟರ್ ಇಲ್ಲದ ಕ್ಯಾಮೆರಾದವರಿಗೆ ಹಿರಿಯರು ಕಲಿಸುತ್ತಿದ್ದದ್ದು ಒಂದೇ ಸೂತ್ರ: ಒಳ್ಳೆಯ ಬಿಸಿಲಿದ್ದರೆ ಅಪರ್ಚರ್ 16, ಶಟರ್ ಫಿಲ್ಮಿನ ವೇಗದಷ್ಟು. 100ರ ಫಿಲ್ಮಾದರೆ 1/125. ಮೋಡ ಬಂದರೆ ಅಪರ್ಚರ್ ಒಂದೊಂದೇ ಮೆಟ್ಟಿಲು ಇಳಿಸಿ 11, 8, 5.6. ಇವತ್ತಿಗೂ ಇದು ಸುಳ್ಳಾಗಿಲ್ಲ. ಕ್ಯಾಮೆರಾದ ಆಟೊ ಯಾವುದನ್ನಾದರೂ ತಪ್ಪು ತಿಳಿದಾಗ ನಮ್ಮನ್ನು ಕಾಪಾಡುವುದು ಈ ಲೆಕ್ಕವೇ. ಹೊಸಬರಿಗೆ ಇದನ್ನೊಂದು ಸಲ ಬಾಯಿಪಾಠ ಮಾಡಿಸಬೇಕು ಅಂತ ನನಗೆ ಬಲವಾದ ಆಸೆ.

ಬೆಂಗಳೂರಿಗೆ ಈ ಕಲಿಸುವ ಪರಂಪರೆ ದೊಡ್ಡದಾಗಿಯೇ ಇದೆ. ದೇಶದ ಕ್ಯಾಮೆರಾ ಕ್ಲಬ್ಬುಗಳನ್ನೆಲ್ಲ ಒಂದು ಸೂರಿನಡಿ ತಂದ ಫೆಡರೇಶನ್ ಆಫ್ ಇಂಡಿಯನ್ ಫೋಟೊಗ್ರಫಿ ಹುಟ್ಟಿದ್ದು 1953ರಲ್ಲಿ. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಡಾ. ಜಿ. ಥಾಮಸ್ ಬೆಂಗಳೂರಿನವರು. ಯೂತ್ ಫೋಟೊಗ್ರಫಿಕ್ ಸೊಸೈಟಿ ಶುರುವಾದದ್ದು 1971ರಲ್ಲಿ. ಹಿರಿಯ ಛಾಯಾಗ್ರಾಹಕ ಓ.ಸಿ. ಎಡ್ವರ್ಡ್ಸ್ ಅವರ ಕೈಕೆಳಗೆ ಪಳಗಿದವರು ಟಿ.ಎನ್.ಎ. ಪೆರುಮಾಳ್. 2017ರಲ್ಲಿ ತೀರಿಕೊಳ್ಳುವ ತನಕ ಪೆರುಮಾಳ್ ಅವರ ಹತ್ತಿರ ಚಿತ್ರ ತೋರಿಸಿ ತಿದ್ದಿಸಿಕೊಂಡವರ ಪಟ್ಟಿ ಮಾಡಹೊರಟರೆ ಮುಗಿಯುವುದಿಲ್ಲ. ಅದೇ ಕಾಲದ ಇನ್ನೊಂದು ದೊಡ್ಡ ಹೆಸರು ಇ. ಹನುಮಂತರಾವ್. ದೇವರಾಜ ಅರಸರ ಸರ್ಕಾರದಲ್ಲಿ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ ಕಾಡುಪ್ರಾಣಿಗಳನ್ನು ಕಪ್ಪು ಬಿಳುಪಿನಲ್ಲಿ ತೆಗೆದು ಜಗತ್ತಿನ ಮನ್ನಣೆ ಪಡೆದವರು. ಇವರಲ್ಲಿ ಯಾರ ಚಿತ್ರ ನೋಡಿದರೂ ಯಾವ ಕ್ಯಾಮೆರಾ ಅಂತ ಕೇಳಬೇಕು ಅನ್ನಿಸುವುದಿಲ್ಲ. ಎಲ್ಲಿ ಕೂತಿದ್ದರು, ಎಷ್ಟು ಹೊತ್ತು ಕೂತಿದ್ದರು ಅಂತ ಕೇಳಬೇಕು ಅನ್ನಿಸುತ್ತದೆ.

ಕ್ಲಬ್ಬಿನ ಕೂಟಗಳಲ್ಲಿ ಚಿತ್ರ ತಿದ್ದುವ ಒಂದು ಹಳೆಯ ಉಪಾಯ ನನಗೆ ಅಚ್ಚುಮೆಚ್ಚು. ಕಪ್ಪು ರಟ್ಟಿನ ಎರಡು ತುಂಡು, ಎರಡೂ ‘ಎಲ್’ ಆಕಾರದವು. ಪ್ರಿಂಟನ್ನು ಗೋಡೆಗೆ ಒರಗಿಸಿ, ಅದರ ಮೇಲೆ ಈ ಎರಡು ರಟ್ಟನ್ನು ಚೌಕಟ್ಟಿನ ಹಾಗೆ ಹಿಡಿದು ಬಲಗಡೆಯಿಂದ ಸ್ವಲ್ಪ, ಮೇಲಿಂದ ಸ್ವಲ್ಪ ಅಂತ ಸರಿಸುತ್ತ ಹೋಗುವುದು. ತೆಗೆದವರ ಕಣ್ಣೆದುರಿಗೇ ಚಿತ್ರ ಬದಲಾಗುತ್ತದೆ. ಮೂಲೆಯಲ್ಲಿ ಹೊಳೆಯುತ್ತಿದ್ದ ಬಿಳಿ ಚೀಲ ರಟ್ಟಿನಡಿ ಮರೆಯಾದ ಕೂಡಲೇ ಅಜ್ಜಿಯ ಮುಖ ಎದ್ದು ಕಾಣುತ್ತದೆ. ಇದಕ್ಕಿಂತ ಸ್ಪಷ್ಟವಾದ ಪಾಠ ಬಾಯಿಮಾತಿನಲ್ಲಿ ಕೊಡಲಾಗದು. ಈಗ ಫೋನಿನಲ್ಲೇ ಕ್ರಾಪ್ ಮಾಡಿ ತೋರಿಸಬಹುದು, ನಿಜ. ಆದರೆ ಅಂಗೈ ಅಗಲದ ಪರದೆಯಲ್ಲಿ ಎಲ್ಲರ ಚಿತ್ರವೂ ಶಾರ್ಪ್ ಆಗಿಯೇ ಕಾಣುತ್ತದೆ. 12x18 ಇಂಚಿಗೆ ಪ್ರಿಂಟ್ ಹಾಕಿಸಿ ನೋಡಿ, ಫೋಕಸ್ ಹಕ್ಕಿಯ ಕಣ್ಣಿನ ಮೇಲಿದೆಯೋ ಹಿಂದಿನ ಕೊಂಬೆಯ ಮೇಲಿದೆಯೋ ಅನ್ನುವುದು ಗೊತ್ತಾಗುತ್ತದೆ. ವರ್ಷಕ್ಕೆ ಕೆಲವಾದರೂ ಪ್ರಿಂಟ್ ಹಾಕಿಸಿ ಅಂತ ನಾನು ಎಲ್ಲರ ಬೆನ್ನು ಹತ್ತುತ್ತೇನೆ. ಲೆನ್ಸಿನ ಖರ್ಚಿನ ಮುಂದೆ ಅದು ಏನೂ ಅಲ್ಲ.

‘ಸೂಪರ್’, ‘ಅದ್ಭುತ’ ಅನ್ನುವ ಮಾತಿಗೆ ನನ್ನ ತಕರಾರಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹೆಸರಘಟ್ಟದ ಹುಲ್ಲುಗಾವಲಿಗೆ ಹೋಗಿ ಚಳಿಯಲ್ಲಿ ಕಾದು ಬಂದವರಿಗೆ ಒಂದು ಒಳ್ಳೆಯ ಮಾತು ಸಲ್ಲಲೇಬೇಕು. ಅದು ಅಲ್ಲಿಗೇ ನಿಂತರೆ ಮಾತ್ರ ಬೇಸರ. ‘ಬೆಳ್ಳಕ್ಕಿ ಚೆನ್ನಾಗಿದೆ, ಆದರೆ ರೆಕ್ಕೆಯ ಗರಿ ಒಂದೂ ಕಾಣ್ತಿಲ್ಲ, ಬರೀ ಬಿಳಿ’ ಅಂತ ಯಾರಾದರೂ ಹೇಳಿದಾಗಲೇ ಮುಂದಿನ ಮಾತು ಹುಟ್ಟುವುದು. ಯಾಕೆ ಹಾಗಾಯಿತು? ಕ್ಯಾಮೆರಾದ ಮೀಟರ್ ಕಂಡದ್ದನ್ನೆಲ್ಲ ಸರಾಸರಿ ಮಾಡಿ ನಡುಮಟ್ಟದ ಬೂದಿ ಬಣ್ಣಕ್ಕೆ ತರಲು ನೋಡುತ್ತದೆ. ಕಪ್ಪು ನೀರಿನ ನಡುವೆ ಪುಟ್ಟ ಬೆಳ್ಳಕ್ಕಿ ಇದ್ದರೆ ಅದು ನೀರನ್ನೇ ಲೆಕ್ಕಕ್ಕೆ ಹಿಡಿದು ಇಡೀ ಚಿತ್ರವನ್ನು ಬೆಳಗಿಸುತ್ತದೆ, ಗರಿ ಸುಟ್ಟುಹೋಗುತ್ತದೆ. ಅಲ್ಲಿ ಒಂದು ಸ್ಟಾಪಿನಷ್ಟು ಮೈನಸ್ ಮಾಡಬೇಕು. ಬೆಳ್ಳನೆಯ ಆಕಾಶದಲ್ಲಿ ಹಾರುವ ಹೆಜ್ಜಾರ್ಲೆಗೆ ಇದರ ತದ್ವಿರುದ್ಧ, ಪ್ಲಸ್. ಹಿಸ್ಟೋಗ್ರಾಮ್ ಬಲಗೋಡೆಗೆ ಅಂಟಿದೆಯೇ ಅಂತ ಸ್ಥಳದಲ್ಲೇ ನೋಡಿಕೊಳ್ಳಬೇಕು. ಒಂದು ಚಿತ್ರ ನೋಡಿ ಬೆಳ್ಳಗಾಯಿತು ಅಂದಿದ್ದಕ್ಕೆ ಇಷ್ಟು ವಿದ್ಯೆ ದಾಟಿತು. ನೇರವಾಗಿ ಹೇಳಿದವರನ್ನು ಒರಟರು ಅಂದುಕೊಳ್ಳಬಾರದು. ಅವರು ನಮ್ಮ ಚಿತ್ರವನ್ನು ನಿಜವಾಗಿ ನೋಡಿದ್ದಾರೆ.

ನೇರವಾಗಿ ಹೇಳಲೇಬೇಕಾದ ಇನ್ನೊಂದಿದೆ. ಗೂಡಿನಲ್ಲಿ ಮರಿಗೆ ಗುಟುಕು ಕೊಡುವ ಹಕ್ಕಿಯ ಚಿತ್ರ ತಂದು ತೋರಿಸಿದರೆ ಬೆಳಕು, ಫೋಕಸ್ ಎಲ್ಲ ಆಮೇಲೆ. ಒಂದು ಕಾಲದಲ್ಲಿ ದೊಡ್ಡವರೂ ಗೂಡಿನ ಎದುರು ಮರೆ ಕಟ್ಟಿಕೊಂಡು ಕೂತು ತೆಗೆಯುತ್ತಿದ್ದರು. ಆಗಿನ ಲೆನ್ಸುಗಳಿಗೆ ಹಕ್ಕಿ ಹತ್ತಿರ ಸಿಗುವ ಜಾಗ ಅದೊಂದೇ ಆಗಿತ್ತು, ತೆಗೆಯುವವರೂ ಬೆರಳೆಣಿಕೆಯಷ್ಟಿದ್ದರು. ಈಗ ಒಂದು ಗೂಡಿನ ಸುದ್ದಿ ಹಬ್ಬಿದರೆ ಮಾರನೆಯ ಭಾನುವಾರ ಅಲ್ಲಿ ಜಾತ್ರೆ. ಚೆನ್ನಾಗಿ ಕಾಣಲಿ ಅಂತ ಅಡ್ಡ ಬಂದ ಕೊಂಬೆ ಮುರಿಯುತ್ತಾರೆ. ಮರಿಗಳು ಬಿಸಿಲಿಗೂ ಕಾಗೆಗೂ ಬಯಲಾಗುತ್ತವೆ, ತಾಯಿ ಹಕ್ಕಿ ಬೆದರಿ ಗೂಡನ್ನೇ ಬಿಡಬಹುದು. ಅನೇಕ ಸ್ಪರ್ಧೆಗಳು ಈಗ ಗೂಡಿನ ಚಿತ್ರಗಳನ್ನು ಒಪ್ಪುವುದೇ ಇಲ್ಲ. ‘ಫೋಟೊ ಚೆನ್ನಾಗಿದೆ, ಮತ್ತೆ ಅಲ್ಲಿಗೆ ಹೋಗಬೇಡಿ, ಜಾಗ ಯಾರಿಗೂ ಹೇಳಬೇಡಿ’ ಅಂತ ಹೇಳುವ ಒಬ್ಬರಾದರೂ ಪ್ರತಿ ಗುಂಪಿನಲ್ಲಿ ಇರಬೇಕು. ಹೇಳಿಸಿಕೊಂಡವರಿಗೆ ಆ ಹೊತ್ತಿಗೆ ಮುಖ ಸಣ್ಣದಾಗುತ್ತದೆ. ಆಗಲಿ, ಹಕ್ಕಿಯ ಪಾಡು ಅದಕ್ಕಿಂತ ದೊಡ್ಡದು.

ಇನ್ನು ತಿದ್ದುವವರಲ್ಲೇ ಜಗಳ ಬಿದ್ದರೆ? ಅದರಷ್ಟು ಸೊಗಸಾದ ಸಂಜೆ ಬೇರೆ ಇಲ್ಲ. ಕಂಬಳದ ಒಂದು ಚಿತ್ರ ಹೀಗೆ ಚರ್ಚೆಗೆ ಬಂದಿತ್ತು. ಓಟದ ಕರೆಯ ತುಂಬ ಚಿಮ್ಮಿದ ಕೆಸರುನೀರು, ನಡುವೆ ಕೋಣಗಳ ಜೋಡಿ, ಹಲಗೆಯ ಮೇಲೆ ಒಂಟಿಕಾಲು ಊರಿದ ಓಟಗಾರ. ಮೇಲೆ ಬಹಳಷ್ಟು ಜಾಗ ಖಾಲಿ, ಅದರಲ್ಲಿ ಅಡ್ಡಕ್ಕೆ ಕಟ್ಟಿದ ಒಂದು ಬಟ್ಟೆ. ಬೆಂಗಳೂರಿನ ಹಿರಿಯರೊಬ್ಬರು ರಟ್ಟು ಹಿಡಿದು ಮೇಲಿನದನ್ನೆಲ್ಲ ಮುಚ್ಚಿದರು: ‘ನೋಡಿ, ಈಗ ಎಷ್ಟು ಗಟ್ಟಿಯಾಯ್ತು, ಬರೀ ಕೋಣ, ನೀರು, ಮನುಷ್ಯ.’ ನೋಡಿದವರೆಲ್ಲ ತಲೆದೂಗಿದರು. ಮೂಡುಬಿದಿರೆ ಕಡೆಯ ಗೆಳೆಯರೊಬ್ಬರು ಮಾತ್ರ ಎದ್ದು ನಿಂತರು: ‘ಅಯ್ಯೋ, ಅದನ್ನು ಮುಚ್ಚಬೇಡಿ ಮಾರಾಯ್ರೇ, ಅದು ನಿಶಾನೆ!’

ಕನೆ ಹಲಗೆಯ ಓಟದಲ್ಲಿ ಮೊದಲು ಮುಟ್ಟಿದವರು ಯಾರು ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಹಲಗೆಯ ತೂತಿನಿಂದ ಚಿಮ್ಮುವ ನೀರು ಎಷ್ಟು ಎತ್ತರ ಹೋಯಿತು ಅನ್ನುವುದೇ ಪಂದ್ಯ. ಆರೂವರೆ ಕೋಲು, ಏಳೂವರೆ ಕೋಲು ಅಂತ ಎತ್ತರದಲ್ಲಿ ಬಟ್ಟೆ ಕಟ್ಟಿರುತ್ತಾರೆ, ಅದೇ ನಿಶಾನೆ. ನೀರು ಅದನ್ನು ತೋಯಿಸಬೇಕು. ಬಟ್ಟೆ ಕತ್ತರಿಸಿದರೆ ಓಟಗಾರ ಯಾಕೆ ಆ ಹಲಗೆಯನ್ನು ಅಷ್ಟು ಬಲವಾಗಿ ತುಳಿದಿದ್ದಾನೆ ಅನ್ನುವುದೇ ಚಿತ್ರದಿಂದ ಹೋಗಿಬಿಡುತ್ತದೆ. ನಾನು ಗೆಳೆಯರ ಪಕ್ಷ. ಬೆಂಗಳೂರಿನ ಹಿರಿಯರೂ ರಟ್ಟು ಕೆಳಗಿಟ್ಟು, ‘ಹಾಗಾದ್ರೆ ಇದನ್ನು ಉದ್ದಕ್ಕೆ ತೆಗೀಬೇಕಿತ್ತು, ಕ್ಯಾಮೆರಾ ತಿರುಗಿಸಿ, ಇನ್ನೂ ಸ್ವಲ್ಪ ದೂರ ನಿಂತು’ ಅಂದರು. ದೂರ ನಿಲ್ಲಲು, ಓಟ ಮುಗಿಯುವ ಮಂಜೊಟ್ಟಿಯ ಹಿಂದೆ ಜಾಗ ಸಿಗುವುದಿಲ್ಲ, ಜನವೋ ಜನ ಅಂತ ಗೆಳೆಯರು. ಹಾಗಿದ್ದರೆ ಉದ್ದದ ಲೆನ್ಸ್ ಬ್ಯಾಗಿನಲ್ಲಿಟ್ಟು 70–200ರ 70ರ ತುದಿಯಲ್ಲಿ, ನೆಲಮಟ್ಟಕ್ಕೆ ಕೂತು, ಶಟರ್ 1/1600ಕ್ಕೆ ಇಟ್ಟುಕೊಂಡು ತೆಗೆಯುವುದು ಅಂತ ಇಬ್ಬರೂ ಸೇರಿ ತೀರ್ಮಾನ ಮಾಡಿದರು. ಚಿತ್ರ ತೆಗೆದ ಹುಡುಗಿ ಅದನ್ನೆಲ್ಲ ಬರೆದುಕೊಂಡು, ಮುಂದಿನ ಕಂಬಳ ಯಾವ ಊರಿನಲ್ಲಿ ಅಂತ ಕೇಳಿದಳು.