ವಿದ್ಯುನ್ಮಸಿಯ ಹೊತ್ತಗೆ

ವಿಜಯನಗರದ ಅಡ್ಡರಸ್ತೆಯೊಂದರಲ್ಲಿ ವಾಸವಾಗಿರುವ ನಿವೃತ್ತ ಕನ್ನಡ ಪಂಡಿತರೊಬ್ಬರಿಗೆ ಎರಡು ಚಿಂತೆಗಳು ಒಂದೇ ಮಾಸದಲ್ಲಿ ಒದಗಿದುವು. ಮೊದಲನೆಯದು ಅವರ ಕಣ್ಣಿನದು. ಪೊರೆ ತೆಗೆಸಿಕೊಂಡ ಮೇಲೂ ಅಡಿಟಿಪ್ಪಣಿಯ ಸಣ್ಣಕ್ಷರಗಳು ಇರುವೆಯ ಸಾಲಿನಂತೆ ಸರಿದಾಡುತ್ತಿದ್ದುವು. 1993ರಲ್ಲಿ ಸರ್ಕಾರದವರು ಪ್ರಕಟಿಸಿದ ಸಮಗ್ರ ವಚನ ಸಂಪುಟದ ಹದಿನೈದು ಸಂಪುಟಗಳು ಬೀರುವಿನಲ್ಲಿದ್ದರೂ ಅವನ್ನು ಎತ್ತಿ ತೊಡೆಯ ಮೇಲಿರಿಸಿಕೊಳ್ಳಲು ಕೈಯಲ್ಲಿ ಕಸುವಿರಲಿಲ್ಲ. ಎರಡನೆಯ ಚಿಂತೆ ಶಾಲೆಯ ಹಣಕ್ಕೆ ಸಂಬಂಧಿಸಿದ್ದು. ಹಿಂದೆ ಅವರಲ್ಲಿ ಓದಿದ್ದ ಮಹನೀಯರೊಬ್ಬರು ಶಾಲೆಯ ಗ್ರಂಥಭಂಡಾರಕ್ಕೆ ಒಂದೂವರೆ ಲಕ್ಷ ರೂಪಾಯಿ ಕೊಡಲು ಮುಂದೆ ಬಂದು, “ಗುರುಗಳೇ, ಪುಸ್ತಕ ಕೊಡುವವರು ಬಹಳ ಜನರಿದ್ದಾರೆ. ಪುಸ್ತಕ ಓದುವ ಯಂತ್ರಗಳನ್ನೇ ಮಕ್ಕಳಿಗೆ ಕೊಡಿಸೋಣ. ಯಾವುದು ಯೋಗ್ಯವೆಂದು ತಾವು ಹೇಳಿಬಿಡಿ” ಎಂದು ಭಾರವನ್ನು ಅವರ ಮೇಲೆಯೇ ಹೊರಿಸಿದರು.

ಲಕ್ಷಣವನ್ನರಿಯದೆ ಲಕ್ಷ್ಯವನ್ನು ಒಪ್ಪುವ ಜಾಯಮಾನ ಪಂಡಿತರದಲ್ಲ. ಕೆಂಗೇರಿಯಿಂದ ಮೆಟ್ರೊ ರೈಲಿನಲ್ಲಿ ಬಂದ ಮೊಮ್ಮಗಳು ತನ್ನ ಓದುಯಂತ್ರವನ್ನು ಅವರ ಕೈಗಿತ್ತು, “ತಾತ, ಇದು ಫೋನಿನ ಹಾಗೆ ಕಣ್ಣಿಗೆ ಚುಚ್ಚುವುದಿಲ್ಲ, ನೋಡಿ” ಎಂದಳು. ಅದರ ಮರ್ಮವನ್ನು ಅವಳಿಂದಲೇ ಕೇಳಿ ತಿಳಿದರು. ಪರದೆಯೊಳಗೆ ಕೂದಲೆಳೆಯಷ್ಟು ದಪ್ಪದ ಅಸಂಖ್ಯ ಗುಳಿಗೆಗಳಿವೆ. ಒಂದೊಂದರ ದ್ರವದಲ್ಲಿಯೂ ಬಿಳಿಯ ಮತ್ತು ಕರಿಯ ಕಣಗಳು ತೇಲುತ್ತಿವೆ. ಒಂದಕ್ಕೆ ಧನ ವಿದ್ಯುದಂಶ, ಮತ್ತೊಂದಕ್ಕೆ ಋಣ. ವಿದ್ಯುತ್ತಿನ ಸೆಳೆತಕ್ಕೆ ಕರಿಯದು ಮೇಲೆ ಬಂದೆಡೆ ಅಕ್ಷರ, ಬಿಳಿಯದು ಬಂದೆಡೆ ಹಾಳೆ. ಒಮ್ಮೆ ಮೂಡಿದ ಪುಟ ಹಾಗೆಯೇ ನಿಲ್ಲಲು ವಿದ್ಯುತ್ತು ಬೇಕಿಲ್ಲ. ಪುಟ ತಿರುವುವಾಗ ಬೇಕು. ಆದಕಾರಣ ಒಮ್ಮೆ ತುಂಬಿದ ಬ್ಯಾಟರಿ ವಾರಗಟ್ಟಲೆ ಬರುತ್ತದೆ. ದೀಪವಿದ್ದರೂ ಅದರ ಬೆಳಕು ಅಂಚಿನಿಂದ ಹಾಳೆಯ ಮೇಲೆ ಹರಡುತ್ತದೆ, ಓದುವವನ ಕಣ್ಣಿಗೆ ನೇರವಾಗಿ ಹೊಡೆಯುವುದಿಲ್ಲ. ಇದನ್ನೆಲ್ಲ ಕೇಳಿ ಪಂಡಿತರಿಗೆ ತಾಳೆಗರಿ ನೆನಪಾಯಿತು. ಕಂಟದಿಂದ ಕೊರೆದ ಗರಿಯಲ್ಲಿಯೂ ಅಕ್ಷರ ಇದ್ದೂ ಇಲ್ಲದಂತಿರುತ್ತದೆ. ಕಾಡಿಗೆಯ ಮಸಿ ಸವರಿದ ಮೇಲಲ್ಲವೆ ಅದು ಕಣ್ಣಿಗೆ ಬೀಳುವುದು!

ಜಗಲಿಯ ಬಿಸಿಲಿನಲ್ಲಿ ಕುಳಿತು ಇಂಗ್ಲಿಷ್ ಪುಸ್ತಕವೊಂದನ್ನು ತೆರೆದು, ಅಕ್ಷರವನ್ನು ಅವರೆಕಾಳಿನಷ್ಟು ದೊಡ್ಡದು ಮಾಡಿಕೊಂಡರು. ಸಾಲುಗಳು ತಾವಾಗಿಯೇ ಮುರಿದು ಪುಟದೊಳಗೆ ಹೊಂದಿಕೊಂಡುವು. ಎರಡು ವರ್ಷಗಳಲ್ಲಿ ಅಷ್ಟು ನಿರಾಯಾಸವಾಗಿ ಅವರು ಓದಿದ್ದಿಲ್ಲ. “ಇನ್ನು ಕನ್ನಡ ತೋರಿಸು ಮಗೂ” ಎಂದರು.

ತೊಡಕು ಅಲ್ಲಿಂದ ಮೊದಲಾಯಿತು. ಮೊದಲು ತೆರೆದದ್ದು ಹಳೆಯ ಪುಸ್ತಕವೊಂದರ ಪುಟಗಳ ಛಾಯಾಚಿತ್ರ. ಡೆಮಿ ಅಷ್ಟಪತ್ರದ ಪುಟದ ಅಗಲ ಐದೂವರೆ ಅಂಗುಲ. ಆರಂಗುಲದ ಪರದೆಯೆಂದು ಮಾರುವುದು ಕರ್ಣದ ಅಳತೆಯಾದ್ದರಿಂದ ಅದರ ನಿಜವಾದ ಅಗಲ ಮೂರೂವರೆ ಅಂಗುಲದ ಸುಮಾರು. ಮುದ್ರಿತ ಅಕ್ಷರ ಮೂರರಲ್ಲಿ ಎರಡು ಪಾಲಿಗೆ ಕುಗ್ಗಿತು. ಹಿಗ್ಗಿಸಿದರೆ ಸಾಲಿನ ತುದಿ ಪರದೆಯಾಚೆ ಹೋಗುತ್ತದೆ. ಪ್ರತಿ ಸಾಲಿಗೂ ಎಡಕ್ಕೆ ಬಲಕ್ಕೆ ಎಳೆದಾಡಬೇಕು. ಎಳೆದಾಗಲೆಲ್ಲ ಪರದೆ ಮಿಣುಕುತ್ತದೆ. ಅನಂತರ ಅಕ್ಷರರೂಪದ ಕಡತವೊಂದನ್ನು ತೆರೆದರು. ‘ಶಾಸ್ತ್ರ’ದ ಒತ್ತುಗಳು ಅಡಿಯಿಂದ ಹೊರಬಿದ್ದು ಸಾಲಿನಲ್ಲಿ ಬಂದು ನಿಂತಿದ್ದುವು. ಆ ಯಂತ್ರದ ಹೆಸರು ಇಲ್ಲಿ ಅನಾವಶ್ಯಕ. ಶಾಲೆಯ ಗಣಕ ಉಪಾಧ್ಯಾಯರು ಹಿಂದಿನ ಸ್ಮರಣಸಂಚಿಕೆಗಳ ಕಡತಗಳನ್ನು ತಂದುಕೊಟ್ಟರು. ಅವನ್ನು ತೆರೆದರೆ ಬರಿಯ ರೋಮನ್ ಅಕ್ಷರಗಳ ಚೆಲ್ಲಾಪಿಲ್ಲಿ. ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಅಕ್ಷರವಿನ್ಯಾಸಗಳು ರೋಮನ್ ಲಿಪಿಯ ಸ್ಥಾನಗಳಲ್ಲಿ ಕನ್ನಡವನ್ನು ಕೂರಿಸಿದ್ದುವಂತೆ. ಆ ವಿನ್ಯಾಸವಿಲ್ಲದ ಯಂತ್ರಕ್ಕೆ ಅದು ಕನ್ನಡವೇ ಅಲ್ಲ.

ಬೆಲೆಯ ಲೆಕ್ಕವನ್ನು ಪಂಡಿತರು ಪಂಚಾಂಗದ ಹಿಂಬದಿಯಲ್ಲಿ ಬರೆದಿಟ್ಟರು. 2012ರ ಆಗಸ್ಟ್‌ನಲ್ಲಿ ಕಿಂಡಲ್ ಭಾರತದ ಪೇಟೆಗೆ ಬಂದಾಗ ದೀಪವಿಲ್ಲದ ಯಂತ್ರಕ್ಕೆ 6,999 ರೂಪಾಯಿ. 2025ರ ಏಪ್ರಿಲ್‌ನಲ್ಲಿ ಬಂದ, ದೀಪವುಳ್ಳ ಏಳಂಗುಲದ ಪೇಪರ್‌ವೈಟ್‌ಗೆ 16,999. ದಾನಿಗಳ ಹಣಕ್ಕೆ ಅಂಥವು ಎಂಟು ಬರುತ್ತವೆ. ಆದರೆ 2016ರ ಡಿಸೆಂಬರ್‌ನಲ್ಲಿ ಅಮೆಜಾನ್‌ನವರು ಕಿಂಡಲ್‌ನಲ್ಲಿ ಭಾರತೀಯ ಭಾಷೆಗಳ ಪುಸ್ತಕಗಳಿಗೆಂದು ಅಂಗಡಿ ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಗಳಿದ್ದುವು, ಕನ್ನಡವಿರಲಿಲ್ಲ. ಕೋಟಿಗಟ್ಟಲೆ ಜನರಾಡುವ ನುಡಿಗೆ ಅಂಗಡಿಯವನ ಪಟ್ಟಿಯಲ್ಲಿ ತಾವಿಲ್ಲದಿದ್ದುದು ಪಂಡಿತರನ್ನು ಯಂತ್ರದ ಬೆಲೆಗಿಂತ ಹೆಚ್ಚಾಗಿ ನೋಯಿಸಿತು. ಹೊರಗಿನ ಆ್ಯಪ್‌ಗಳನ್ನು ಹಾಕಿಕೊಳ್ಳಲು ಬಿಡುವ ಆಂಡ್ರಾಯ್ಡ್ ಓದುಯಂತ್ರಗಳೂ ಉಂಟು. ಅವುಗಳಲ್ಲಿ ಮೈಲ್ಯಾಂಗ್‌ನಂತಹ ಕನ್ನಡ ಪುಸ್ತಕದಂಗಡಿಗೆ ಅವಕಾಶವಿದೆ. ರಾಜಾಜಿನಗರದ ವ್ಯಾಪಾರಿಯೊಬ್ಬರು ಒಂದಕ್ಕೆ ಇಪ್ಪತ್ತು ಸಾವಿರ ಹೇಳಿದರು. ಹತ್ತಂಗುಲದ ಪರದೆಯಲ್ಲಿ ಛಾಯಾಪುಟವೂ ಓದಲು ಬರುತ್ತದೆ, ಆದರೆ ಅದರ ಬೆಲೆ ಕೇಳಿ ಪಂಡಿತರು ಛತ್ರಿ ಎತ್ತಿಕೊಂಡು ಎದ್ದರು.

ಎಂಟು ಯಂತ್ರ ಕೊಂಡು ಪ್ರಸಾದನಿಲಯದ ಹುಡುಗರ ಕೈಗಿತ್ತರೆ ಅವರು ಓದುವುದು ಇಂಗ್ಲಿಷನ್ನು ಮಾತ್ರವಾದೀತು. ಅದು ತಪ್ಪೇನಲ್ಲ, ಆದರೆ ದಾನಿಗಳ ಆಶಯ ಅದಲ್ಲ. ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದು, ಆಮೇಲೆ ಮನೆಯನ್ನೇ ಮಾರಿ ಬಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಹೂಡಿದರು. ಅಷ್ಟು ಕೊಟ್ಟು ಕೊಂಡ ಯಂತ್ರದ ಮುಂದೆ ಅವರಿಟ್ಟದ್ದು ಓಲೆಗರಿಗಳಿಂದ ತಿದ್ದಿ ತೆಗೆದ ಪಾಠ. ಅದಿಲ್ಲದಿದ್ದರೆ ಮುದ್ರಣಾಲಯ ಅಚ್ಚು ಹಾಕುವುದಾದರೂ ಏನನ್ನು?

ಪಂಡಿತರು ತಮ್ಮ ಅಭಿಪ್ರಾಯವನ್ನು ಒಂದು ಕಾರ್ಡಿನಲ್ಲಿ ಬರೆದುಕೊಟ್ಟರು: ಆಂಡ್ರಾಯ್ಡ್ ಯಂತ್ರ ಎರಡು, ಉಳಿದ ಒಂದು ಲಕ್ಷದ ಹತ್ತು ಸಾವಿರದಲ್ಲಿ ಸ್ವಲ್ಪ ಭಾಗ ಹೊಸ ಪುಸ್ತಕಗಳಿಗೆ, ಮಿಕ್ಕಿದ್ದು ಹಳೆಯ ಕೃತಿಗಳನ್ನು ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡಿಸಿ ತಿದ್ದಿಸಲು. ಲೇಖಕರು ತೀರಿಕೊಂಡು ಅರವತ್ತು ವರ್ಷ ಕಳೆದ ಕೃತಿಗಳಿಗೆ ಯಾರ ಅನುಮತಿಯೂ ಬೇಡ. 1901ರಲ್ಲಿ ತೀರಿಕೊಂಡ ಮುದ್ದಣ ಇದ್ದಾನೆ, 1937ರಲ್ಲಿ ತೀರಿಕೊಂಡ ಪಂಜೆಯವರಿದ್ದಾರೆ. 1964ರಲ್ಲಿ ತೀರಿಕೊಂಡ ಹಳಕಟ್ಟಿಯವರ ಬರಹಗಳೂ 2025ರ ಆರಂಭದಿಂದ ಮುಕ್ತವಾಗಿವೆ. ವಚನ ಸಂಚಯದ ತರುಣರು ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳನ್ನು ಹೀಗೆಯೇ ಹುಡುಕಲು ಬರುವ ಅಕ್ಷರರೂಪಕ್ಕೆ ತಂದಿರುವಾಗ ಒಂದು ಶಾಲೆಗೆ ನಾಲ್ಕು ಪುಸ್ತಕ ಅಸಾಧ್ಯವಲ್ಲ. ಆಡಳಿತ ಸಮಿತಿಯಲ್ಲಿ ಕೆಲವರಿಗೆ ಇದು ರುಚಿಸಲಿಲ್ಲ. ಎಂಟು ಯಂತ್ರಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ಉದ್ಘಾಟನೆ ಮಾಡಿಸಬಹುದು. ಬೆರಳಚ್ಚಿಗೆ ಟೇಪು ಕತ್ತರಿಸುವುದು ಹೇಗೆ?

ಮಗಳು ಕೊಡಿಸಿದ ಯಂತ್ರದಲ್ಲಿ ಪಂಡಿತರು ಈಗ ದಿನಕ್ಕೆ ನಾಲ್ಕು ಪುಟದಂತೆ ಶ್ರೀರಾಮಾಶ್ವಮೇಧದ ಕರಡು ತಿದ್ದುತ್ತಿದ್ದಾರೆ. ಹಳಗನ್ನಡದ ೞಕಾರ ಬರಬೇಕಾದ ಕಡೆ ಬೆರಳಚ್ಚಿನ ಹುಡುಗಿ ಳಕಾರ ಹಾಕಿದ್ದಳು. ತಪ್ಪು ಅವಳೊಬ್ಬಳದೇ ಅಲ್ಲ. ಯೂನಿಕೋಡ್ ಪಟ್ಟಿಯಲ್ಲಿಯೇ ೞಕಾರಕ್ಕೆ ಹಿಂದೊಮ್ಮೆ ‘ಫ’ ಎಂಬ ತಪ್ಪು ಹೆಸರು ಬಿದ್ದು, ಇಟ್ಟ ಹೆಸರನ್ನು ಬದಲಿಸಬಾರದೆಂಬ ಅವರ ಕಟ್ಟಳೆಯಿಂದಾಗಿ ಅದು ಹಾಗೆಯೇ ಉಳಿದಿದೆ. ಕೇಶಿರಾಜ ಕೇಳಿದ್ದರೆ ಏನೆನ್ನುತ್ತಿದ್ದನೋ!

ಮೊನ್ನೆ ದಾನಿಗಳು ದೂರವಾಣಿಯಲ್ಲಿ, “ಗುರುಗಳೇ, ಎರಡೇ ಯಂತ್ರ ಬಂದುವಂತೆ?” ಎಂದರು. ಪಂಡಿತರು ಇದ್ದ ಸಂಗತಿಯನ್ನೆಲ್ಲ ಹೇಳಿದರು. ಆ ಕಡೆ ಕೊಂಚ ಹೊತ್ತು ಮಾತಿಲ್ಲ. ಬಳಿಕ, “ಇನ್ನೆಷ್ಟು ಪುಟ ಉಳಿದಿದೆ? ಕಣ್ಣಿಗೆ ಶ್ರಮ ಮಾಡಿಕೊಳ್ಳಬೇಡಿ, ಅರ್ಧ ನನಗೆ ಕಳುಹಿಸಿ, ಮೂಲದೊಡನೆ ಹೋಲಿಸಿ ಕೊಡುತ್ತೇನೆ” ಎಂದರಂತೆ.